ತೋಟ ಬಿಟ್ಟರೆ ಮೋಹ ಬಿಡುತ್ತಾ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವನು. ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದೆ. ವಯಸ್ಸು 66. ಹೆಂಡತಿ ತೀರಿಕೊಂಡು ವರ್ಷ ಕಳೆಯಿತು. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಿನಲ್ಲಿ. ಇಬ್ಬರಿಗೂ ಕಾಫಿ ತೋಟ ಬೇಡ. ಆನೆ ಕಾಟ, ಆಳುಗಳ ತೊಂದರೆ, ಮಂಡಿ ನೋವು. ಎಲ್ಲ ಮಾರಿ ಋಷಿಕೇಶದ ಯಾವುದಾದರೂ ಆಶ್ರಮ ಸೇರೋಣ ಅನಿಸುತ್ತದೆ. ಆದರೆ ತಲಕಾವೇರಿಗೆ ಹೋಗಿ ಮನಸ್ಸು ಗಟ್ಟಿ ಮಾಡಿಕೊಂಡು ಬಂದರೂ ಮರುದಿನ ಬೆಳಗ್ಗೆ ಮೆಣಸಿನ ರೇಟು ಕೇಳುತ್ತೇನೆ. ಮೋಹ ಬಿಡುವುದು ಅಂದರೆ ತೋಟ ಬಿಡುವುದೇ? ಇನ್ನೊಂದು ಸಂಶಯ. ನಮ್ಮಲ್ಲಿ ಗುರು ಕಾರೋಣರು, ಅಂದರೆ ಕುಲದ ಹಿರಿಯರು, ಕೈಮಡ ಅನ್ನುವ ಅವರ ಗುಡಿಯಲ್ಲಿದ್ದು ಒಕ್ಕವನ್ನು, ಅಂದರೆ ಇಡೀ ಮನೆತನವನ್ನು, ಕಾಯುತ್ತಾರೆ ಅನ್ನುವ ನಂಬಿಕೆ ಇದೆ. ಹಾಗಾದರೆ ಅವರಿಗೆ ಮುಕ್ತಿ ಸಿಕ್ಕಿಲ್ಲ ಅಂತಲೇ? ಹೆಂಡತಿಯ ಸೀರೆಗಳನ್ನು ಇನ್ನೂ ಯಾರಿಗೂ ಕೊಡಲು ಆಗಿಲ್ಲ. ಇದೂ ಮೋಹವೇ?

ಉತ್ತರ: ಸುಬೇದಾರರೇ, ಮೆಣಸಿನ ರೇಟು ಕೇಳಿದ್ದಕ್ಕೆ ಇಷ್ಟೊಂದು ನಾಚಿಕೊಳ್ಳಬೇಡಿ. ಬಳ್ಳಿಯಲ್ಲಿ ಮೆಣಸು ಇದೆ, ಕೊಯ್ಯಬೇಕು, ಮಾರಬೇಕು, ಕೂಲಿ ಕೊಡಬೇಕು. ರೇಟು ಕೇಳದೆ ಕೂತರೆ ಅದಕ್ಕೆ ಬೇಜವಾಬ್ದಾರಿ ಅನ್ನುತ್ತಾರೆ. ರೇಟು ಇಳಿದಿದೆ ಅಂತ ಗೊತ್ತಾದ ರಾತ್ರಿ ನಿದ್ದೆ ಬರುತ್ತಾ, ಪಕ್ಕದ ತೋಟದವರು ನಿಮಗಿಂತ ಜಾಸ್ತಿಗೆ ಮಾರಿದರು ಅಂದಾಗ ಒಳಗೆ ಏನಾಗುತ್ತೆ, ಅದನ್ನು ನೋಡಿಕೊಳ್ಳಿ. ಮೋಹದ ವಿಚಾರ ಶುರುವಾಗುವುದು ಅಲ್ಲಿಂದ.

ಮೊದಲು ಒಂದು ಗಂಟು ಬಿಡಿಸೋಣ. ತೋಟ ಇಟ್ಟುಕೊಳ್ಳಬೇಕಾ ಮಾರಬೇಕಾ ಅನ್ನುವುದು ಲೆಕ್ಕದ ವಿಷಯ. ಮೈಯಲ್ಲಿ ಶಕ್ತಿ ಎಷ್ಟಿದೆ, ಕೊಯ್ಲಿಗೆ ಆಳು ಸಿಗುತ್ತಾರಾ, ಆನೆ ಬಂದ ರಾತ್ರಿ ಎದ್ದು ಓಡಾಡಲು ಆಗುತ್ತಾ, ಮಕ್ಕಳು ಬೇಡವೇ ಬೇಡ ಅಂದಿದ್ದಾರಾ ಇಲ್ಲ ಈಗ ಬೇಡ ಅಂದಿದ್ದಾರಾ. ಕಾಗದ ಪೆನ್ನು ಹಿಡಿದು ಕೂತು ನೋಡಿ. ಗುತ್ತಿಗೆಗೆ ಕೊಡಬಹುದು, ಅರ್ಧ ಮಾರಬಹುದು, ಪೂರ್ತಿ ಮಾರಬಹುದು. ಯಾವುದೂ ಪಾಪವಲ್ಲ, ಯಾವುದೂ ಪುಣ್ಯವಲ್ಲ. ಇದರೊಳಗೆ ಮೋಕ್ಷವನ್ನು ಎಳೆದು ತರಬೇಡಿ. ತೋಟ ಮಾರಿದವರೆಲ್ಲ ಮುಕ್ತರಾಗುವ ಹಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಹೊತ್ತಿಗೆ ಜ್ಞಾನಿಗಳು ತುಂಬಿಕೊಂಡಿರಬೇಕಿತ್ತು.

ಈಗ ಬಿಡುವುದರ ವಿಷಯ. ಗೀತೆಯ 18ನೇ ಅಧ್ಯಾಯ ಶುರುವಾಗುವುದೇ ನಿಮ್ಮ ಪ್ರಶ್ನೆಯಿಂದ. ಸಂನ್ಯಾಸ ಅಂದರೇನು, ತ್ಯಾಗ ಅಂದರೇನು, ಬೇರೆ ಬೇರೆಯಾಗಿ ಹೇಳು ಅಂತ ಅರ್ಜುನ ಕೇಳುತ್ತಾನೆ. ಕೃಷ್ಣ ತ್ಯಾಗದಲ್ಲಿ ಮೂರು ಬಗೆ ಹೇಳುತ್ತಾನೆ, 7ರಿಂದ 9ನೇ ಶ್ಲೋಕದವರೆಗೆ. ಮಾಡಲೇಬೇಕಾದ ಕೆಲಸವನ್ನು ತಿಳಿಯದೆ ಬಿಟ್ಟರೆ ಅದು ತಾಮಸ. ಕಷ್ಟ ಅಂತ, ಮೈಗೆ ನೋವಾಗುತ್ತೆ ಅನ್ನುವ ಹೆದರಿಕೆಯಿಂದ ಬಿಟ್ಟರೆ ರಾಜಸ. ಹೀಗೆ ಬಿಟ್ಟವನಿಗೆ ತ್ಯಾಗದ ಫಲ ಸಿಗುವುದೇ ಇಲ್ಲ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡುತ್ತಾನೆ. ಮಾಡಬೇಕಾದ್ದು ಅಂತ ಮಾಡುತ್ತಾ, ಅದರ ಮೇಲಿನ ಅಂಟನ್ನೂ ಫಲದ ಆಸೆಯನ್ನೂ ಬಿಟ್ಟರೆ ಮಾತ್ರ ಸಾತ್ವಿಕ. ಗಮನಿಸಿದಿರಾ, ಈ ಮೂರನೆಯ ಬಗೆಯಲ್ಲಿ ಕೆಲಸ ನಿಲ್ಲುವುದೇ ಇಲ್ಲ.

ನಿಮ್ಮ ಪತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಆನೆ, ಆಳು, ಮಂಡಿ ನೋವು. ಇವು ತೋಟ ಮಾರಲು ಒಳ್ಳೆಯ ಕಾರಣಗಳೇ. ಮುಜುಗರವೇ ಬೇಡ. ಆದರೆ ಇದಕ್ಕೆ ವೈರಾಗ್ಯ ಅಂತ ಹೆಸರಿಟ್ಟು ಋಷಿಕೇಶಕ್ಕೆ ಹೊರಟರೆ, ಅಲ್ಲಿ ಆಶ್ರಮದ ಊಟ ಸರಿಯಿಲ್ಲ, ಚಳಿ ಜಾಸ್ತಿ, ಪಕ್ಕದ ಕೋಣೆಯವನು ಗೊರಕೆ ಹೊಡೆಯುತ್ತಾನೆ ಅಂತ ಅದನ್ನೂ ಬಿಡುವ ದಿನ ಬರುತ್ತದೆ. ಸುಸ್ತಾಗಿದ್ದರೆ ಸುಸ್ತಾಗಿದೆ ಅಂತಲೇ ಹೇಳಿಕೊಳ್ಳಿ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು 14ನೇ ಶತಮಾನದಲ್ಲಿ ಜೀವನ್ಮುಕ್ತಿ ವಿವೇಕ ಅಂತ ಒಂದು ಗ್ರಂಥ ಬರೆದರು. ಅದರಲ್ಲಿ ವೈರಾಗ್ಯಕ್ಕೆ ಮೂರು ಮಟ್ಟ ಹೇಳುತ್ತಾರೆ. ಹೆಂಡತಿ, ಮಕ್ಕಳು, ಹಣ ಇದರಲ್ಲಿ ಯಾವುದೋ ಕೈತಪ್ಪಿ ಹೋದಾಗ 'ಛೀ, ಈ ಸಂಸಾರವೇ ಬೇಡ' ಅನಿಸುತ್ತದಲ್ಲ, ಅದು ಮಂದ ವೈರಾಗ್ಯ. ಆ ಹೊತ್ತಿನದು. ಈ ಜನ್ಮದಲ್ಲಿ ಇವು ನನಗೆ ಬೇಡ ಅಂತ ಅಲುಗದೆ ನಿಂತ ಬುದ್ಧಿ ತೀವ್ರ. ಮತ್ತೆ ಹುಟ್ಟಿ ಬರಬೇಕಾದ ಯಾವ ಲೋಕವೂ ಬೇಡ, ಸ್ವರ್ಗವೂ ಬೇಡ ಅನ್ನುವುದು ತೀವ್ರತರ. ನಮ್ಮ ಹಳ್ಳಿಗಳಲ್ಲಿ ಮಸಣ ವೈರಾಗ್ಯ ಅನ್ನುತ್ತಾರಲ್ಲ, ಅದೇ ಮೊದಲನೆಯದು. ನಿಮ್ಮ ಮನೆಯವರು ಹೋಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಈಗ ಮನಸ್ಸು 'ಏನೂ ಬೇಡ' ಅನ್ನುತ್ತಿರುವುದು ದುಃಖದಿಂದಲೋ ತಿಳಿವಿನಿಂದಲೋ ಅಂತ ನಿಮಗೇ ಗೊತ್ತಾಗುವುದು ಕಷ್ಟ. ಅದಕ್ಕೇ ಹೇಳುತ್ತೇನೆ, ಈ ಸ್ಥಿತಿಯಲ್ಲಿ ತಿರುಗಿ ಬರಲಾಗದ ತೀರ್ಮಾನ ಮಾಡಬೇಡಿ. ಸಂನ್ಯಾಸ ತೆಗೆದುಕೊಳ್ಳುವವರು ಮೊದಲು ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಳ್ಳುತ್ತಾರೆ, ಗೊತ್ತಲ್ವಾ? ಅಷ್ಟು ಗಟ್ಟಿಯಾದ ಹೆಜ್ಜೆ ಅದು. ಆಶ್ರಮದಲ್ಲಿ ಕೋಣೆ ಹಿಡಿದು ಇರುವುದು ಬೇರೆ, ಅದು ಬೇರೆ.

ದೂರ ಹೋದರೆ ಅಂಟು ಕಡಿಮೆಯಾಗುತ್ತಾ? ಸ್ವಲ್ಪ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗೀತೆಯ 2ನೇ ಅಧ್ಯಾಯದ 59ನೇ ಶ್ಲೋಕ ಎಚ್ಚರಿಸುತ್ತದೆ. ಉಪವಾಸ ಇದ್ದವನಿಂದ ತಿನ್ನುವ ವಸ್ತು ದೂರವಾಗಬಹುದು, ರುಚಿ ಮಾತ್ರ ಒಳಗೇ ಉಳಿದಿರುತ್ತದೆ. ಭಾಗವತದ 5ನೇ ಸ್ಕಂಧದಲ್ಲಿ ಭರತ ರಾಜನ ಕಥೆ ಬರುತ್ತದಲ್ಲ, ಅದನ್ನು ಈ ವಯಸ್ಸಿನಲ್ಲಿ ಮತ್ತೊಮ್ಮೆ ಓದಿ. ಚಿಕ್ಕಂದಿನಲ್ಲಿ ಕೇಳಿದಾಗ ಅದು ಸುಮ್ನೆ ಜಿಂಕೆ ಕಥೆ. ಆತ ಸಾಮಾನ್ಯ ಮನುಷ್ಯನಲ್ಲ. ದೊಡ್ಡ ರಾಜ್ಯ ಆಳಿ, ಮಕ್ಕಳಿಗೆ ಹಂಚಿ, ಯಾವ ಗೋಳೂ ಇಲ್ಲದೆ ಎದ್ದು ಗಂಡಕೀ ನದಿ ತೀರದ ಆಶ್ರಮಕ್ಕೆ ಹೋದವನು. ಅಲ್ಲಿ ಒಂದು ದಿನ ಸಿಂಹದ ಗರ್ಜನೆಗೆ ಬೆದರಿದ ಗರ್ಭಿಣಿ ಜಿಂಕೆ ಹೊಳೆಗೆ ಹಾರುತ್ತದೆ. ಮರಿ ನೀರಿಗೆ ಬೀಳುತ್ತದೆ, ತಾಯಿ ಸಾಯುತ್ತದೆ. ಮರಿಯನ್ನು ಎತ್ತಿಕೊಂಡು ಬಂದದ್ದು ತಪ್ಪೇ? ಖಂಡಿತ ಅಲ್ಲ. ಆಮೇಲೆ ಏನಾಯಿತು ನೋಡಿ. ಹುಲ್ಲು ತಿಂದಿತಾ, ತೋಳ ಹಿಡಿಯಿತಾ, ಎಲ್ಲಿ ಹೋಯಿತು, ಇನ್ನೂ ಬರಲಿಲ್ಲ ಅಂತ ಜಪ ತಪ್ಪಿತು, ಪೂಜೆ ತಪ್ಪಿತು. ಸಾಯುವಾಗಲೂ ಕಣ್ಣ ಮುಂದೆ ಜಿಂಕೆ, ಮುಂದಿನ ಜನ್ಮವೂ ಜಿಂಕೆ. ರಾಜ್ಯ ಬಿಟ್ಟವನನ್ನು ಒಂದು ಮರಿ ಹಿಡಿದು ನಿಲ್ಲಿಸಿತು. ನೀವು ಹತ್ತಿಪ್ಪತ್ತು ಎಕರೆ ಬಿಟ್ಟು ಹೋಗಿ ಅಲ್ಲಿ ಆಶ್ರಮದ ಹೂವಿನ ಗಿಡಕ್ಕೆ ಅಂಟಿಕೊಂಡರೆ? ನಗಬೇಡಿ, ತೋಟದವರು ಎಲ್ಲಿ ಹೋದರೂ ಗಿಡ ನೋಡುತ್ತಾರೆ.

ಅಲ್ಲಮಪ್ರಭುಗಳು ಇದನ್ನೇ ಹೊನ್ನು, ಹೆಣ್ಣು, ಮಣ್ಣು ಯಾವುದೂ ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂತ ನಾಲ್ಕು ಸಾಲಿನಲ್ಲಿ ಮುಗಿಸಿದರು. ಮಣ್ಣಿನ ತಪ್ಪೇನಿದೆ ಪಾಪ. ಕಟ್ಟುವುದು 'ನನ್ನದು' ಅನ್ನುವ ಭಾವ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಜಿಲ್ಲೆಯವರು ಬೇರೆಲ್ಲೂ ಹುಡುಕಬೇಕಾಗಿಲ್ಲ. ಜಮ್ಮಾ, ಅಂದರೆ ಒಕ್ಕಕ್ಕೆ ತಲೆಮಾರುಗಳಿಂದ ಬಂದ ಜಾಗದ ಪಹಣಿ ನೆನಪು ಮಾಡಿಕೊಳ್ಳಿ. ಅದರಲ್ಲಿ ಒಕ್ಕದ ಮುಖ್ಯಸ್ಥನಾದ ಪಟ್ಟೇದಾರನ ಹೆಸರಿರುತ್ತಿತ್ತು. ಉಳುಮೆ, ಕಂದಾಯ, ಜಗಳ, ಎಲ್ಲದಕ್ಕೂ ಅವನೇ ಮುಂದೆ. ಆದರೆ ಜಾಗ ಒಕ್ಕದ್ದು. ಅವನು ಒಬ್ಬನೇ ಮಾರುವಂತಿಲ್ಲ, ಅವನು ಸತ್ತರೆ ಇನ್ನೊಬ್ಬ ಪಟ್ಟೇದಾರ. ಒಳ್ಳೆಯ ಪಟ್ಟೇದಾರ ಸೋಮಾರಿಯಾಗಿರಲಿಲ್ಲ, ನನ್ನದಲ್ಲ ಅಂತ ಗದ್ದೆ ಪಾಳು ಬಿಡಲಿಲ್ಲ. ಗೀತೆ ಕೇಳುವುದು ಇಷ್ಟೇ. ತೋಟಕ್ಕೆ ಮಾತ್ರ ಅಲ್ಲ, ಮಕ್ಕಳಿಗೆ, ನಿಮ್ಮ ಸೈನ್ಯದ ಹೆಸರಿಗೆ, ಕೊನೆಗೆ ಈ ಮೈಗೂ ಪಟ್ಟೇದಾರನಾಗಿರಿ ಅಂತ. ಮೆಣಸು ಒಳ್ಳೆಯ ರೇಟಿಗೇ ಮಾರಿ. ಮಾರಿದ್ದು 'ನಾನು' ಅಂತ ಎದೆ ಉಬ್ಬಿತಾ, ನಷ್ಟವಾಯಿತು ಅಂತ ಕುಗ್ಗಿತಾ, ಅಲ್ಲಿ ಕೆಲಸ ಇದೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನ ಪ್ರಸಂಗವನ್ನು ಜನ ಯಾಕೋ ಅರ್ಧ ಮಾತ್ರ ಹೇಳುತ್ತಾರೆ. ಆತ ಮನೆ ಬಿಟ್ಟು ಹೊರಡುವ ಮುಂಚೆ ಹೆಂಡತಿ ಮೈತ್ರೇಯಿಯನ್ನು ಕರೆದು, 'ನಿನಗೂ ಕಾತ್ಯಾಯನಿಗೂ ಪಾಲು ಮಾಡಿಕೊಟ್ಟು ಹೋಗುತ್ತೇನೆ' ಅನ್ನುತ್ತಾನೆ. ಅಂದರೆ ಮಹಾಜ್ಞಾನಿಯೂ ಆಸ್ತಿ ವಿಚಾರ ಮುಗಿಸಿಯೇ ಹೊರಟ, ಹಿಂದೆ ಉಳಿದವರಿಗೆ ಕೋರ್ಟು ಕಚೇರಿ ಬಿಟ್ಟು ಹೋಗಲಿಲ್ಲ. ಆಗ ಮೈತ್ರೇಯಿ, ಭೂಮಿ ತುಂಬ ಸಂಪತ್ತು ಕೊಟ್ಟರೂ ಅದರಿಂದ ನಾನು ಅಮೃತಳಾಗುತ್ತೇನಾ ಅಂತ ಕೇಳುತ್ತಾಳೆ. ಇಲ್ಲ, ಅನುಕೂಲಸ್ಥರು ಬದುಕುವ ಹಾಗೆ ಬದುಕುತ್ತೀಯ, ಅಷ್ಟೇ ಅನ್ನುತ್ತಾನೆ ಆತ. ಎಷ್ಟು ನೇರ ಉತ್ತರ ನೋಡಿ. ಹಣವನ್ನು ಬೈಯಲಿಲ್ಲ. ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅಂತ ಹೇಳಿದ. ಆಮೇಲೆ ಬರುವ ಮಾತು ನಿಮಗೆ ಬೇಕಾದದ್ದು. ಗಂಡ ಪ್ರಿಯನಾಗುವುದು ಗಂಡನಿಗೋಸ್ಕರ ಅಲ್ಲ, ಆತ್ಮಕ್ಕೋಸ್ಕರ. ಹೆಂಡತಿ, ಮಕ್ಕಳು, ಹಣ, ಲೋಕ, ದೇವತೆಗಳು, ಎಲ್ಲವೂ ಹಾಗೇ. ಮೊದಲ ಸಲ ಓದಿದರೆ ಇದೇನು ಸ್ವಾರ್ಥದ ಪಾಠವಾ ಅನಿಸುತ್ತದೆ. ಹಾಗಲ್ಲ. ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳಿ ನಿಂತಾಗ ನಿಮಗೊಂದು ತುಂಬಿದ ಭಾವ ಬರುತ್ತದಲ್ಲ, ಆಗ ಒಂದು ಕ್ಷಣ ಏನೂ ಬೇಕು ಅನಿಸುವುದಿಲ್ಲ. ಆ ತುಂಬಿದ್ದು ಹೂವಿನಿಂದ ಬಂತು ಅಂತ ನಾವು ತಿಳಿದುಕೊಂಡಿದ್ದೇವೆ. ಬೇಕುಗಳು ಒಂದು ಕ್ಷಣ ಸುಮ್ಮನಾದ್ದರಿಂದ ಒಳಗೆ ಇದ್ದದ್ದೇ ಕಂಡಿತು ಅನ್ನುತ್ತಾರೆ ಅದ್ವೈತಿಗಳು. ಹುಡುಕುತ್ತಿರುವುದು ಅದನ್ನೇ, ತೋಟದಲ್ಲೂ ಹೆಂಡತಿಯಲ್ಲೂ ಮಕ್ಕಳಲ್ಲೂ. ಇದು ಗೊತ್ತಾದವನು ತೋಟವನ್ನು ದ್ವೇಷಿಸುವುದಿಲ್ಲ. ಅದು ಕೊಡಲಾಗದ್ದನ್ನು ಅದರಿಂದ ಕೇಳುವುದನ್ನು ನಿಲ್ಲಿಸುತ್ತಾನೆ.

ಮುಕ್ತಿ ಅಂದರೆ ಏನು ಅನ್ನುವುದರಲ್ಲಿ ನಮ್ಮ ಆಚಾರ್ಯರು ಒಂದೇ ಮಾತು ಹೇಳಿಲ್ಲ. ಶಂಕರರ ಪ್ರಕಾರ ಅದು ಎಲ್ಲಿಗೋ ಹೋಗಿ ಪಡೆಯುವ ವಸ್ತುವಲ್ಲ, ನಾನು ಬ್ರಹ್ಮವೇ ಅನ್ನುವ ತಿಳಿವು. ಬದುಕಿರುವಾಗಲೇ ಆಗಬಹುದು. ರಾಮಾನುಜರ ದಾರಿಯಲ್ಲಿ ಭಗವಂತನಿಗೆ ಶರಣಾಗಿ ವೈಕುಂಠದಲ್ಲಿ ಅವನ ಸೇವೆ. ಮಧ್ವರ ಪ್ರಕಾರ ಜೀವ ಎಂದೂ ದೇವರಾಗುವುದಿಲ್ಲ, ಹರಿಯ ಪ್ರಸಾದದಿಂದ ಬಿಡುಗಡೆ, ಅಲ್ಲೂ ಅವರವರ ಯೋಗ್ಯತೆಗೆ ತಕ್ಕ ಆನಂದ. ಯಾವುದು ಸರಿ ಅಂತ ನಾನು ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ, ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತದೋ ಅದನ್ನು ಹಿಡಿಯಿರಿ. ಮೂವರೂ ಒಪ್ಪುವ ಒಂದು ಮಾತಿದೆ. 'ನನ್ನದು' ಅನ್ನುವ ಹಿಡಿತ ಸಡಿಲವಾಗದೆ ಮುಂದಿನದು ಯಾವುದೂ ಇಲ್ಲ.

ಈಗ ಕಾರೋಣರ ಪ್ರಶ್ನೆ. ನನಗೆ ನಿಮ್ಮ ಪತ್ರದಲ್ಲಿ ಬಹಳ ಹಿಡಿಸಿದ್ದು ಇದು. ಕೈಮಡದ ಮುಂದೆ ನಿಂತು ಯಾರೂ ಮೋಕ್ಷ ಕೇಳುವುದಿಲ್ಲ, ಅಲ್ವಾ? ಮಕ್ಕಳು ಚೆನ್ನಾಗಿರಲಿ, ಒಕ್ಕ ಒಡೆಯದಿರಲಿ, ದನಕರು ಬೆಳೆ ಕ್ಷೇಮವಾಗಿರಲಿ ಅಂತ ಕೇಳುತ್ತಾರೆ. ವರ್ಷಕ್ಕೊಮ್ಮೆ ಕಾರೋಣರಿಗೆ ಎಡೆ ಇಡುವುದು ನಮ್ಮನ್ನು ಬೆಳೆಸಿದವರ ಜೊತೆಗಿನ ಸಂಬಂಧ. ಮೋಕ್ಷದ ಪ್ರಶ್ನೆ ಹುಟ್ಟಿದ್ದು ಬೇರೆ ಕಡೆ, ಉಪನಿಷತ್ತುಗಳಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರೆ ಗೊಂದಲವೇ ಆಗುವುದು. ಬರೀ ಕೊಡಗಿನ ಸಮಸ್ಯೆ ಅಂತಲೂ ತಿಳಿಯಬೇಡಿ. ವೇದದಲ್ಲೇ ಎರಡೂ ಇವೆ. ಛಾಂದೋಗ್ಯ ಉಪನಿಷತ್ತಿನ 5ನೇ ಅಧ್ಯಾಯದಲ್ಲಿ ಎರಡು ದಾರಿ ಹೇಳಿದೆ. ಯಜ್ಞ, ದಾನ, ಲೋಕೋಪಕಾರ ಮಾಡಿ ಬದುಕಿದವರು ಪಿತೃಲೋಕದ ದಾರಿಯಲ್ಲಿ ಚಂದ್ರನವರೆಗೆ ಹೋಗಿ, ಪುಣ್ಯ ತೀರಿದ ಮೇಲೆ ಮಳೆಯಾಗಿ ಇಳಿದು, ಭತ್ತ, ಎಳ್ಳು ಇಂಥ ಪೈರಾಗಿ, ಮತ್ತೆ ಹುಟ್ಟುತ್ತಾರೆ. ಕಾಡಿನಲ್ಲಿ ಉಪಾಸನೆ ಮಾಡಿದವರು ದೇವಯಾನದ ದಾರಿ ಹಿಡಿದು ಬ್ರಹ್ಮಲೋಕ ಸೇರುತ್ತಾರೆ. ಹೀಗಿದ್ದೂ ಪಿತೃಗಳ ಋಣ ಅಂತ ಒಂದಿದೆ, ತೀರಿಸಬೇಕು ಅನ್ನುವುದನ್ನು ಅದೇ ವೇದ ಬಿಟ್ಟಿಲ್ಲ.

ನಮ್ಮ ಜನ ಇದನ್ನು ವಾದ ಮಾಡದೆ ಬದುಕಿನಲ್ಲೇ ಹೊಂದಿಸಿಕೊಂಡಿದ್ದಾರೆ. ಐನ್‌ಮನೆಯ, ಅಂದರೆ ಒಕ್ಕದ ಮೂಲ ಮನೆಯ, ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕಾರೋಣರನ್ನು ನೆನೆದು ದೀಪ ಹಚ್ಚುವ ಮನೆಯವರೇ ತುಲಾ ಮಾಸದಲ್ಲಿ ಭಾಗಮಂಡಲದ ಸಂಗಮಕ್ಕೆ ಹೋಗಿ ಪಿಂಡ ಇಡುತ್ತಾರೆ. ತುಲಾ ಸಂಕ್ರಮಣದ ಕಾವೇರಿ ತೀರ್ಥ ತಂದು ಮನೆಯಲ್ಲಿಟ್ಟು ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡುತ್ತಾರೆ. ಒಂದು ಇಲ್ಲಿ ಇರಿ ಅನ್ನುತ್ತದೆ, ಇನ್ನೊಂದು ಹೋಗಿ ಬನ್ನಿ ಅನ್ನುತ್ತದೆ. ಪ್ರೀತಿ ಇದ್ದ ಕಡೆ ಎರಡೂ ಮಾತು ಬರುತ್ತವೆ. ನೀವು ಎಡೆ ಇಟ್ಟ ಮಾತ್ರಕ್ಕೆ ಹಿರಿಯರನ್ನು ಕಟ್ಟಿ ಹಾಕಿದಂತಾಗುವುದಿಲ್ಲ. ಅವರ ಗತಿ ಅವರ ಕರ್ಮ, ಅವರ ತಿಳಿವು. ನಮ್ಮ ಕೈಯಲ್ಲಿರುವುದು ನಮ್ಮ ಕರ್ತವ್ಯ ಮಾತ್ರ. ಆದ್ದರಿಂದ ಕಾರೋಣರ ಕೆಲಸವನ್ನು ಮೋಹ ಅಂತ ನಿಲ್ಲಿಸಬೇಡಿ, ದಯವಿಟ್ಟು.

ಸೀರೆಗಳ ವಿಷಯಕ್ಕೆ ಬರುತ್ತೇನೆ. ಗೀತೆಯಲ್ಲಿ ಕೃಷ್ಣನ ಉಪದೇಶ ಶುರುವಾಗುವುದೇ 'ಯಾರಿಗೆ ಅಳಬಾರದೋ ಅವರಿಗೆ ಅಳುತ್ತಿದ್ದೀಯ' ಅಂತ. ಸತ್ತ ಮನೆಗೆ ಹೋಗಿ ಈ ಶ್ಲೋಕ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೃಷ್ಣ ಅದನ್ನು ಹೇಳಿದ್ದು ಹೆಂಡತಿ ಕಳೆದುಕೊಂಡ ಮುದುಕನಿಗಲ್ಲ, ರಣರಂಗದಲ್ಲಿ ಬಿಲ್ಲು ಕೆಳಗಿಟ್ಟ ಸೈನಿಕನಿಗೆ. ಆ ವ್ಯತ್ಯಾಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಶಂಕರರು ಸಂನ್ಯಾಸಿಯಾದ ಮೇಲೂ ತಾಯಿಗೆ ಕೊಟ್ಟ ಮಾತಿನಂತೆ ಕಾಲಡಿಗೆ ಮರಳಿ ಬಂದು, ಬಂಧುಗಳು ಒಪ್ಪದಿದ್ದರೂ ಆಕೆಯ ಅಂತ್ಯಸಂಸ್ಕಾರ ಮಾಡಿದರು ಅಂತ ಪರಂಪರೆಯ ಕಥೆ ಇದೆ. ವೈರಾಗ್ಯ ಅಂದರೆ ಕಲ್ಲಾಗುವುದು ಅಂತ ಯಾರು ಹೇಳಿದರೂ ನಂಬಬೇಡಿ.

ಹಾಗಂತ ಎಲ್ಲವನ್ನೂ ಪ್ರೀತಿ ಅಂತ ಬಿಟ್ಟುಬಿಡುವ ಹಾಗೂ ಇಲ್ಲ. ಗೀತೆಯ 13ನೇ ಅಧ್ಯಾಯದಲ್ಲಿ ಹೆಂಡತಿ, ಮಕ್ಕಳು, ಮನೆ ಇವುಗಳ ಮೇಲೆ ಅತಿಯಾದ ಅಂಟು ಇರಬಾರದು ಅಂತ ಬರುತ್ತದೆ. ಅಲ್ಲಿ ಶಂಕರರ ಭಾಷ್ಯ ಒಂದು ಗುರುತು ಕೊಡುತ್ತದೆ. ಇನ್ನೊಬ್ಬರು ಸುಖವಾಗಿದ್ದರೆ ನಾನೇ ಸುಖಿ, ಅವರು ದುಃಖದಲ್ಲಿದ್ದರೆ ನಾನೇ ದುಃಖಿ, ಅವರು ಬದುಕಿದ್ದರೆ ನಾನು ಬದುಕಿದ್ದೇನೆ, ಅವರು ಸತ್ತರೆ ನಾನೂ ಸತ್ತೆ ಅನ್ನುವಷ್ಟು ಒಂದಾಗಿ ಹೋಗುವುದು, ಅದು ಆ ಅಂಟು. ಸೀರೆ ನೋಡಿ ಕಣ್ಣು ತುಂಬಿದರೆ ತುಂಬಲಿ. ಅವಳಿಲ್ಲದ ಮೇಲೆ ನಾನೂ ಮುಗಿದೆ ಅನಿಸುತ್ತಿದೆಯಾ, ಅದನ್ನು ಕೇಳಿಕೊಳ್ಳಿ. ಋಷಿಕೇಶದ ಯೋಚನೆ ಅಲ್ಲಿಂದ ಹುಟ್ಟಿದೆಯೇನೋ ಅಂತ ನನಗೆ ಅನುಮಾನ. ಊಟ ಬೇಡ, ಯಾರ ಮಾತೂ ಬೇಡ ಅನ್ನುವ ಹಾಗೆ ದಿನಗಳು ಹೋಗುತ್ತಿದ್ದರೆ ಮೊದಲು ಮಗಳಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಅದಕ್ಕೆ ವೇದಾಂತ ಔಷಧಿಯಲ್ಲ. ಸೀರೆಗೆ ಅವಸರವಿಲ್ಲ. ಮಗಳು ಬಂದಾಗ ಇಬ್ಬರೂ ಕೂತು ತೆಗೆಯಿರಿ. ಅವಳಿಗೆ ಬೇಕಾದ್ದು ಅವಳು ಇಟ್ಟುಕೊಳ್ಳಲಿ, ಉಳಿದದ್ದರಲ್ಲಿ ಒಂದೆರಡು ತೋಟದ ಆಳುಗಳ ಲೈನ್‌ಮನೆಯ ಹೆಂಗಸರಿಗೆ ಕೊಡಿ. ಒಂದು ನಿಮ್ಮ ಪೆಟ್ಟಿಗೆಯಲ್ಲೇ ಇದ್ದರೆ ಮೋಕ್ಷ ಏನೂ ತಪ್ಪಿ ಹೋಗುವುದಿಲ್ಲ.

ಕೊನೆಗೆ ಏನು ಮಾಡಬೇಕು ಅಂದರೆ, ಈ ವರ್ಷ ಮಾರಬೇಡಿ. ರೊಬಸ್ಟಾ ಕೊಯ್ಲು ಮುಗಿಯಲಿ, ಕಾಫಿ ಕಣದಲ್ಲಿ ಒಣಗಿ ಚೀಲ ತುಂಬಲಿ. ಆಮೇಲೆ ತೋಟದ ಲೆಕ್ಕ ನೋಡುವ ರೈಟರ್ ಕೈಗೋ ನಂಬಿಕೆಯ ನೆಂಟರ ಕೈಗೋ ಬೀಗದ ಕೈ ಕೊಟ್ಟು ಒಂದು ತಿಂಗಳು ಹೋಗಿ. ಋಷಿಕೇಶಕ್ಕೇ ಹೋಗಬೇಕು ಅಂತಿಲ್ಲ, ನಮ್ಮ ಪೊನ್ನಂಪೇಟೆಯಲ್ಲೇ 1927ರಿಂದ ರಾಮಕೃಷ್ಣ ಶಾರದಾಶ್ರಮ ಇದೆ, ಮೊದಲು ಅಲ್ಲಿನ ಸ್ವಾಮೀಜಿಗಳನ್ನು ಕಂಡು ಮಾತಾಡಿ. ಎಲ್ಲಿಗೆ ಹೋದರೂ ಆ ಒಂದು ತಿಂಗಳು ರೈಟರ್‌ಗೆ ನೀವಾಗಿ ಫೋನ್ ಮಾಡಬೇಡಿ. ಮಳೆ ಬಂತಾ, ಸ್ಪ್ರಿಂಕ್ಲರ್ ಹಾಕಿದರಾ ಅಂತ ಕೈ ತುರಿಸುತ್ತದೆ. ತುರಿಸಲಿ. ಎಷ್ಟು ಸಲ ತುರಿಸಿತು, ಯಾವುದಕ್ಕೆ ಜಾಸ್ತಿ ತುರಿಸಿತು ಅಂತ ನೋಡುತ್ತಾ ಇರಿ, ನಿಮ್ಮ ಮೋಹ ಎಲ್ಲಿದೆ ಅನ್ನುವುದು ಯಾವ ಸ್ವಾಮೀಜಿ ಹೇಳುವುದಕ್ಕಿಂತ ಸ್ಪಷ್ಟವಾಗಿ ನಿಮಗೇ ತಿಳಿಯುತ್ತದೆ. ಬಹುಶಃ ಅದು ತೋಟವೇ ಅಲ್ಲದಿರಬಹುದು, ಮಗ ವಾರಕ್ಕೊಮ್ಮೆಯಾದರೂ ಫೋನ್ ಮಾಡಲಿ ಅನ್ನುವುದಿರಬಹುದು.

ಹೊರಡುವ ಮುಂಚೆ ಮಡಿಕೇರಿಗೆ ಹೋಗಿ ವಕೀಲರನ್ನು ಕಂಡು ವಿಲ್ ಬರೆಸಿ, ರಿಜಿಸ್ಟರ್ ಮಾಡಿಸಿ. ಜಮ್ಮಾ ಜಾಗ ಯಾವುದು, ನೀವು ಆಮೇಲೆ ಕೊಂಡದ್ದು ಯಾವುದು ಅಂತ ಬೇರೆ ಬೇರೆ ಬರೆಸಿ. ಯಾಜ್ಞವಲ್ಕ್ಯನೂ ಆ ಕೆಲಸ ಮುಗಿಸಿಯೇ ಹೊರಟಿದ್ದು.